ಕೋಲಾರಕ್ಕೆ ಹೊಸಬರು, ಯಾವ ಚರ್ಚ್‌ಗೆ ಹೋಗಬೇಕು?

ನೀವು ಕೇಳಿರುವುದು ಇಷ್ಟು, ಅಲ್ವಾ? ಹುಬ್ಬಳ್ಳಿಯಿಂದ ನರಸಾಪುರದ ಫ್ಯಾಕ್ಟರಿ ಕೆಲಸಕ್ಕೆ ಬಂದು ಕೋಲಾರದಲ್ಲಿ ಮನೆ ಮಾಡಿದ್ದೀರಿ. ನೀವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ನಿಮ್ಮ ಹೆಂಡತಿ ಕ್ಯಾಥೊಲಿಕ್ ಮನೆಯಿಂದ ಬಂದವರು, ಮನೆ ಹತ್ತಿರ ಇರುವುದು ಮೆಥೊಡಿಸ್ಟ್ ಚರ್ಚ್. ಭಾನುವಾರಕ್ಕೊಂದು ಚರ್ಚ್ ನೋಡಿ ಸಾಕಾಗಿದೆ, ಎಲ್ಲೂ ನಮ್ಮದು ಅನ್ನಿಸುತ್ತಿಲ್ಲ. ಯೇಸು ಒಬ್ಬನೇ ಆದಮೇಲೆ ಇಷ್ಟೊಂದು ಪಂಗಡ ಯಾಕೆ ಅಂತಲೂ ಕೇಳಿದ್ದೀರಿ.

ನಡೆದುಕೊಂಡು ಹೋಗುವಷ್ಟು ಹತ್ತಿರ ಇರುವ ಆ ಮೆಥೊಡಿಸ್ಟ್ ಸಭೆಗೇ ಹೋಗಿ ಬ್ರದರ್. ಚರ್ಚ್ ಹುಡುಕಿದ್ದು ಸಾಕು. ನಾನು ತುಮಕೂರಿನವಳು, ಹುಟ್ಟಿ ಬೆಳೆದದ್ದು ಸಿಎಸ್‌ಐನಲ್ಲಿ, ಕೆಲಸಕ್ಕೆ ಅಂತ ಕೋಲಾರಕ್ಕೆ ಬಂದು ಇಲ್ಲೇ ಉಳಿದೆ. ಈಗ ಮೆಥೊಡಿಸ್ಟ್ ಸಭೆಯ ಸದಸ್ಯೆ.

ಮೊದಲು ಪಂಗಡದ ವಿಷಯ. ನಮ್ಮ ತುಮಕೂರಿಗೆ ಬಂದವರು ಇಂಗ್ಲೆಂಡಿನ ವೆಸ್ಲಿಯನ್ ಮೆಥೊಡಿಸ್ಟ್ ಮಿಷನ್‌ನವರು. ಕೋಲಾರಕ್ಕೆ ಬಂದವರು ಅಮೆರಿಕದ ಮೆಥೊಡಿಸ್ಟರು. 1876-78ರ ಬರದಲ್ಲಿ ತಬ್ಬಲಿಯಾದ ಮಕ್ಕಳನ್ನು ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಇಲ್ಲಿ ಸಾಕುತ್ತಿದ್ದರು, 1890ರಲ್ಲಿ ಆ ಕೆಲಸವನ್ನು ಅಮೆರಿಕದವರ ಕೈಗೆ ಒಪ್ಪಿಸಿದರು. 1910ರಲ್ಲಿ ಶುರುವಾದ ಇಟಿಸಿಎಂ ಆಸ್ಪತ್ರೆಯೂ ಅವರದೇ. ಇಂಗ್ಲೆಂಡಿನವರು, ಅಮೆರಿಕದವರು ಇಬ್ಬರಿಗೂ ಮೂಲ ಮೆಥೊಡಿಸ್ಟ್ ಪಂಗಡ ಶುರುಮಾಡಿದ ಇಂಗ್ಲಿಷ್ ಪಾದ್ರಿ ಜಾನ್ ವೆಸ್ಲಿಯೇ. ಆದರೆ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಸಿಎಸ್‌ಐ ಹುಟ್ಟಿದಾಗ ಆಂಗ್ಲಿಕನ್ನರು, ಇಂಗ್ಲೆಂಡ್ ಕಡೆಯ ಮೆಥೊಡಿಸ್ಟರು, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳವರು ಸೇರಿಕೊಂಡರು, ಅಮೆರಿಕ ಕಡೆಯ ಮೆಥೊಡಿಸ್ಟರು ಹೊರಗೇ ಉಳಿದರು. ತುಮಕೂರು ಒಂದು ಕಡೆ ಹೋಯಿತು, ಕೋಲಾರ ಇನ್ನೊಂದು ಕಡೆ. ನನಗೂ ನನ್ನ ಪಕ್ಕದ ಬೆಂಚಿನ ಅಜ್ಜಿಗೂ ಇರುವ ವ್ಯತ್ಯಾಸ ಇಷ್ಟೇ: ಯಾವ ಊರಿಗೆ ಯಾವ ದೇಶದ ಮಿಷನರಿ ಬಂದರು ಅನ್ನುವುದು. ಇದು ನಾವಿಬ್ಬರೂ ಆರಿಸಿಕೊಂಡದ್ದಲ್ಲ. ನಿಮ್ಮ ಹುಬ್ಬಳ್ಳಿ ಕಡೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಬಂದದ್ದೂ ಹಾಗೇ.

ಹಾಗಂತ ಒಂದಾಗುವುದು ಸುಲಭ ಅಂದುಕೊಳ್ಳಬೇಡಿ. ಸಿಎಸ್‌ಐಗಾಗಿ 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಶುರುವಾದ ಮಾತುಕತೆ ಮುಗಿಯಲು 28 ವರ್ಷ ಹಿಡಿಯಿತು. ಬಿಷಪ್ ಇರಬೇಕೋ ಬೇಡವೋ, ಬಿಷಪ್ ಕೈಯಿಂದ ಅಭಿಷೇಕ ಆಗದ ಪಾದ್ರಿಯನ್ನು ಒಪ್ಪಬಹುದೋ ಅನ್ನುವುದರ ಮೇಲೇ ಜಾಸ್ತಿ ಎಳೆದಾಟ. ಇದಕ್ಕಾಗಿ ದುಡಿದ ಬಿಷಪ್ ಅಜರಯ್ಯನವರು 1945ರಲ್ಲೇ ತೀರಿಕೊಂಡರು, ಆ ದಿನ ನೋಡಲಿಲ್ಲ.

ಈಗ ನಿಮ್ಮ ನಿಜವಾದ ಕಷ್ಟಕ್ಕೆ ಬರುತ್ತೇನೆ. ಆರಾಧನೆ ಮುಗಿದ ಮೇಲೆ ಎಲ್ಲರೂ ಅಂಗಳದಲ್ಲಿ ಗುಂಪು ಗುಂಪಾಗಿ ನಿಲ್ಲುತ್ತಾರೆ, ನೀವು ಮಗು ಎತ್ತಿಕೊಂಡು ಗೇಟಿನ ಹತ್ತಿರ ನಿಂತಿರುತ್ತೀರಿ, ಒಬ್ಬರು ಬಂದು ಕೈ ಕುಲುಕಿ ಯಾವ ಊರು ಅಂತ ಕೇಳಿ ಹೋಗುತ್ತಾರೆ. ಅಲ್ಲಿಗೆ ಮುಗಿಯಿತು. ಇದು ಕೊಬ್ಬು ಅಲ್ಲ. ಹಳೇ ಸಭೆಗಳಲ್ಲಿ ಹೆಚ್ಚಿನವರು ಒಬ್ಬರಿಗೊಬ್ಬರು ನೆಂಟರು, ವಾರಕ್ಕೊಮ್ಮೆ ಸಿಗುವುದು ಅಲ್ಲೇ, ಅವರ ಮಾತು ಅವರಿಗೆ. ಹೊಸಬರು ಸುಮ್ನೆ ಬಂದು ಕೂತು ಹೋದರೆ ವರ್ಷವಾದರೂ ಹೊಸಬರೇ. ನನಗೆ ಅದು ತಪ್ಪಿದ್ದು ಪ್ರಸಂಗದಿಂದಲ್ಲ, ಈರುಳ್ಳಿಯಿಂದ. ಪ್ರೀತಿ ಭೋಜನದ ಹಿಂದಿನ ಸಂಜೆ ಅಡುಗೆಗೆ ಕೈ ಸಾಲುತ್ತಿಲ್ಲ ಅಂತ ಒಬ್ಬ ಆಂಟಿ ನನ್ನನ್ನು ಕರೆದರು. ಹೆಂಗಸರೆಲ್ಲ ಚಾಪೆ ಮೇಲೆ ಕೂತು ಮೂಟೆ ಈರುಳ್ಳಿ ಹೆಚ್ಚುತ್ತಾ, ಯಾರ ಸೊಸೆ ಯಾರ ಜೊತೆ ಮಾತು ಬಿಟ್ಟಿದ್ದಾಳೆ ಅನ್ನುವುದರಿಂದ ಹಿಡಿದು ಪಾಸ್ಟರಮ್ಮನ ಮಂಡಿನೋವಿನವರೆಗೆ ಎಲ್ಲವನ್ನೂ ಮಾತಾಡಿ ಮುಗಿಸಿದರು. ಮರುದಿನ ನನ್ನ ಹೆಸರು ಎಲ್ಲರಿಗೂ ಗೊತ್ತಿತ್ತು.

ಅದಕ್ಕೇ ಹೇಳುವುದು, ಕೆಲಸ ಕೇಳಿ. ಭಾನುವಾರದ ಶಾಲೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದು, ಮೈಕ್ ಜೋಡಿಸುವುದು, ಕುರ್ಚಿ ಎತ್ತಿಡುವುದು, ಏನಾದರೂ ಸರಿ. ಸುಗ್ಗಿ ಹಬ್ಬದ ಹರಾಜಿಗಂತೂ ಕೈ ಎಷ್ಟಿದ್ದರೂ ಸಾಲದು. ನಮ್ಮ ಜಿಲ್ಲೆ ಟೊಮೆಟೊಗೆ ಹೆಸರುವಾಸಿ, ಆ ದಿನ ಟೊಮೆಟೊ ಬಾಕ್ಸ್, ರಾಗಿ ಮೂಟೆ, ಕುಂಬಳಕಾಯಿ, ಕಾಲು ಕಟ್ಟಿದ ನಾಟಿ ಕೋಳಿ ಎಲ್ಲ ಚರ್ಚ್ ಮುಂದೆ ಸಾಲಾಗಿ ಇರುತ್ತವೆ. ಮಂಡಿಯಲ್ಲಿ ಕೇಳುವವರಿಲ್ಲದ ಟೊಮೆಟೊ ಇಲ್ಲಿ ಹಟಕ್ಕೆ ಬಿದ್ದು ಏರುತ್ತದೆ. ಕೂಗಿ ಗೆದ್ದವರು ಅದನ್ನೇ ವಾಪಸ್ ಕೊಟ್ಟು ಮತ್ತೆ ಹರಾಜು ಹಾಕಿಸುವುದೂ ಉಂಟು. ಆ ಗದ್ದಲದಲ್ಲಿ ಲೆಕ್ಕ ಬರೆದುಕೊಳ್ಳಲು ಒಬ್ಬರು ಬೇಕೇ ಬೇಕು. ನೀವು ಫ್ಯಾಕ್ಟರಿಯಲ್ಲಿ ಸ್ಟೋರ್ಸ್‌ನಲ್ಲಿದ್ದೀನಿ ಅಂದಿರಲ್ಲ, ಬಿಡುವುದೇ ಇಲ್ಲ ನಿಮ್ಮನ್ನು.

ಪಾಸ್ಟರ್ ಇಷ್ಟವಾದರು ಅಂತ ಒಂದು ಸಭೆ ಸೇರಬೇಡಿ, ಇಷ್ಟವಾಗಲಿಲ್ಲ ಅಂತ ಬಿಡಲೂ ಬೇಡಿ. ಮೆಥೊಡಿಸ್ಟರಲ್ಲಿ ಪಾಸ್ಟರ್ ಯಾವ ಊರಿಗೆ ಅನ್ನುವುದನ್ನು ಬಿಷಪ್ ವಾರ್ಷಿಕ ಸಮ್ಮೇಳನದಲ್ಲಿ ಓದಿ ಹೇಳುತ್ತಾರೆ. ಇವತ್ತು ಇರುವವರು ನಾಳೆ ಇರುವುದಿಲ್ಲ.

ಭಾಷೆ ನೋಡಿಕೊಳ್ಳಿ. ಕೆಜಿಎಫ್ ಕಡೆ ತಮಿಳು ಆರಾಧನೆ ಜಾಸ್ತಿ, ಆಂಧ್ರ ಗಡಿ ಕಡೆ ತೆಲುಗು. ನಿಮ್ಮ ಮಗಳು ಕನ್ನಡದಲ್ಲಿ ಪ್ರಾರ್ಥನೆ ಕಲಿಯಬೇಕಿದ್ದರೆ ಸಮಯ ಕೇಳಿಕೊಂಡು ಹೋಗಿ. ಇನ್ನೊಂದು ಮಾತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಕೆಲವರು ಊರು ಕೇಳಿ, ತಾತನ ಹೆಸರು ಕೇಳಿ, ಕೊನೆಗೆ ನೀವು ಯಾವ ಜನ ಅಂತ ಪತ್ತೆ ಮಾಡಲು ನೋಡುತ್ತಾರೆ. ಪಂಗಡಕ್ಕಿಂತ ನಮ್ಮನ್ನು ಜಾಸ್ತಿ ಒಡೆದದ್ದು ಜಾತಿಯೇ ಅನ್ನುವುದು ನನ್ನ ಅಭಿಪ್ರಾಯ. ಒಂದಾಗಬೇಕು ಅಂತ ವೇದಿಕೆ ಮೇಲೆ ಮಾತಾಡುವವರು ಮದುವೆ ಸಂಬಂಧ ನೋಡುವಾಗ ಏನು ಕೇಳುತ್ತಾರೆ ಅನ್ನುವುದನ್ನು ಗಮನಿಸಿ.

ಒಗ್ಗಟ್ಟು ಇಲ್ಲವೇ ಇಲ್ಲ ಅಂತಲ್ಲ. ಜನವರಿ 18ರಿಂದ 25ರವರೆಗೆ ಕ್ರೈಸ್ತರ ಐಕ್ಯತೆಗಾಗಿ ಪ್ರಾರ್ಥನೆಯ ವಾರ ಇದೆ, ಕ್ಯಾಥೊಲಿಕರೂ ಬೇರೆಯವರೂ ಸೇರಿ ಮಾಡುವಂಥದ್ದು. 325ರಲ್ಲಿ ನೈಸಿಯಾದಲ್ಲಿ (ಈಗಿನ ಟರ್ಕಿಯ ಊರು) ಶುರುವಾದ ವಿಶ್ವಾಸ ಪ್ರಮಾಣವನ್ನು, ಅಂದರೆ ನಾವು ಏನು ನಂಬುತ್ತೇವೆ ಅಂತ ಹೇಳುವ ಮಾತುಗಳನ್ನು, ನಿಮ್ಮ ಮನೆಯವರೂ ಒಪ್ಪುತ್ತಾರೆ, ನೀವೂ ಒಪ್ಪುತ್ತೀರಿ, ಮೆಥೊಡಿಸ್ಟರೂ ಒಪ್ಪುತ್ತಾರೆ. ನಂಬಿಕೆಯಿಂದ ನೀತಿವಂತರಾಗುವ, ಅಂದರೆ ಮನುಷ್ಯ ದೇವರ ಮುಂದೆ ಸರಿಯಾಗಿ ನಿಲ್ಲುವುದು ಹೇಗೆ ಅನ್ನುವ ವಿಷಯದಲ್ಲಿ ಕ್ಯಾಥೊಲಿಕರು ಮತ್ತು ಲೂಥರನ್ನರು 1999ರಲ್ಲಿ ಒಂದು ಒಪ್ಪಂದಕ್ಕೆ ಬಂದರು, 2006ರಲ್ಲಿ ಮೆಥೊಡಿಸ್ಟರೂ ಸೇರಿಕೊಂಡರು. ನಾನೂರು ಚಿಲ್ಲರೆ ವರ್ಷ ಜಗಳವಾಡಿದ ವಿಷಯ ಅದು! ಊರಿನ ಮಟ್ಟದಲ್ಲಿ ಇದೆಲ್ಲ ಯಾರಿಗೂ ಗೊತ್ತಿಲ್ಲ ಬಿಡಿ. ಸಾವಾದಾಗ ಮಾತ್ರ ಎಲ್ಲ ಪಂಗಡದವರೂ ಬಂದು ಹೆಗಲು ಕೊಡುತ್ತಾರೆ.

ಈಗ ಕೈಗೆ ಬೇಕಾದ ವಿಷಯಗಳು. ಮಗಳಿಗೆ ಸಿಎಸ್‌ಐನಲ್ಲಿ ದೀಕ್ಷಾಸ್ನಾನ ಆಗಿದ್ದರೆ ಮೆಥೊಡಿಸ್ಟರು ಮತ್ತೆ ಮಾಡುವುದಿಲ್ಲ. ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ನೀರಿನಿಂದ ಆಗಿದ್ದರೆ ಕ್ಯಾಥೊಲಿಕರೂ ಅದನ್ನು ಒಪ್ಪುತ್ತಾರೆ. ಪೆಂಟೆಕೋಸ್ಟ್, ಬ್ಯಾಪ್ಟಿಸ್ಟ್, ಬ್ರದರನ್ ಸಭೆಗಳವರು ಸಾಮಾನ್ಯವಾಗಿ ಒಪ್ಪುವುದಿಲ್ಲ, ಬುದ್ಧಿ ಬಂದ ಮೇಲೆ ಸ್ವಂತ ನಂಬಿಕೆಯಿಂದ ನೀರಿನಲ್ಲಿ ಮುಳುಗಿ ತಗೋಬೇಕು ಅನ್ನುತ್ತಾರೆ. ಅಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ, ಅದು ಅವರ ಬುಡದ ನಂಬಿಕೆ.

ಕರ್ತನ ಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸ ಕೊಡುವಾಗ) ನೀವು ಮೆಥೊಡಿಸ್ಟ್ ಸಭೆಯಲ್ಲಿ ಧೈರ್ಯವಾಗಿ ಮುಂದೆ ಹೋಗಬಹುದು. ಹೆಂಡತಿಯ ಜೊತೆ ಕ್ಯಾಥೊಲಿಕ್ ಪೂಜೆಗೆ ಹೋದಾಗ ಪರಮ ಪ್ರಸಾದಕ್ಕೆ ಕೈ ಚಾಚಬೇಡಿ. ಅವರ ನಿಯಮ ಹಾಗಿದೆ, ಬೇಸರವಾಗುತ್ತದೆ, ಆದರೂ ಅವರ ಮನೆಯಲ್ಲಿ ಅವರ ಪದ್ಧತಿ. ನಿಮ್ಮ ಮದುವೆ ಕ್ಯಾಥೊಲಿಕ್ ಬಿಷಪರ ಅನುಮತಿ ಇಲ್ಲದೆ ಸಿಎಸ್‌ಐನಲ್ಲಿ ಆಗಿದ್ದರೆ ನಿಮ್ಮ ಮನೆಯವರಿಗೂ ಅಲ್ಲಿ ತೊಡಕು ಇರುತ್ತದೆ. ಇಲ್ಲಿಯ ಫಾದರ್ ಹತ್ತಿರ ಇಬ್ಬರೂ ಕೂತು ಮಾತಾಡಿ, ಸರಿಪಡಿಸುವ ದಾರಿ ಇದೆ. ಅವರು ಆಗಾಗ ಪೂಜೆಗೆ ಹೋಗಬೇಕು ಅಂದರೆ ತಡೆಯಬೇಡಿ.

ಹುಬ್ಬಳ್ಳಿ ಸಭೆಯಿಂದ ಸದಸ್ಯತ್ವದ ವರ್ಗಾವಣೆ ಪತ್ರ ತರಿಸಿಕೊಳ್ಳಿ. ಮಗಳ ದೀಕ್ಷಾಸ್ನಾನದ ಸರ್ಟಿಫಿಕೇಟ್ ಪ್ರತಿ ಕೂಡ. ನಾಳೆ ಮಗಳ ಮದುವೆಗೆ, ನಮ್ಮಂಥವರನ್ನು ಹೂಳುವ ಜಾಗಕ್ಕೆ, ಹಳೇ ಸಭೆಗಳಲ್ಲಿ ಮೊದಲು ಕೇಳುವುದೇ ರಿಜಿಸ್ಟರ್‌ನಲ್ಲಿ ಹೆಸರು ಇದೆಯಾ, ಚಂದಾ ಕಟ್ಟಿದ್ದೀರಾ ಅಂತ. ಫೋನ್ ಮಾಡಿ ಕೇಳಿದರೆ ಕಳಿಸ್ತೀವಿ ಅಂತಾರೆ, ಕಳಿಸುವುದಿಲ್ಲ. ಕ್ರಿಸ್‌ಮಸ್‌ಗೆ ಊರಿಗೆ ಹೋದಾಗ ಎದುರಿಗೇ ಕೂತು ಬರೆಸಿಕೊಂಡು ಬನ್ನಿ.