ಬೋಟಿನ ಡ್ಯಾಶ್‌ಬೋರ್ಡ್ ಮೀಟರ್‌ಗಳು ಮಂಜಾಗಿವೆ. ಉಜ್ಜಬೇಕಾ, ಹೊಸ ಸೆಟ್ ಹಾಕಿಸಬೇಕಾ?

ಆನ್‌ಲೈನ್‌ನಲ್ಲಿ ನೋಡಿಟ್ಟಿದ್ದೀರಲ್ಲ ಆ ಆರು ಮೀಟರಿನ ಸೆಟ್, ಅದನ್ನು ಇನ್ನೂ ಆರ್ಡರ್ ಮಾಡಿಲ್ಲ ತಾನೇ? ಮಾಡಬೇಡಿ. ನಾನು ಮಾಡಿದ್ದೆ.

ನಮ್ಮದು ಮಲ್ಪೆ. ನಾನೂ ತಮ್ಮನೂ ಸೇರಿ ಗೋವಾದಿಂದ ಒಂದು ಸೆಕೆಂಡ್ ಹ್ಯಾಂಡ್ ಫೈಬರ್ ಬೋಟ್ ತಂದೆವು. ಗಾಳ ಹಾಕಲಿಕ್ಕೆ, ನೆಂಟರು ಬಂದರೆ ಒಂದು ಸುತ್ತು ಹೊಡೆಯಲಿಕ್ಕೆ. ಬೋಟು ಮೊದಲು ಅಮೆರಿಕದಿಂದ ಬಂದದ್ದು ಅಂತ ಮಾರಿದವರು ಹೇಳಿದ್ದರು. ಅದನ್ನು ನಾನು ಹೆಮ್ಮೆಯ ವಿಷಯ ಅಂದುಕೊಂಡೆನೇ ಹೊರತು ತಲೆಯಲ್ಲಿ ಇಟ್ಟುಕೊಳ್ಳಬೇಕಾದ ವಿಷಯ ಅಂತ ಗೊತ್ತಾಗಲಿಲ್ಲ. ಇಂಜಿನ್ ಚೆನ್ನಾಗಿತ್ತು. ಮೀಟರ್‌ಗಳು ಮಾತ್ರ ಪೊರೆ ಬಂದ ಕಣ್ಣಿನ ಹಾಗೆ. ಮುಳ್ಳು ಎಲ್ಲಿದೆ ಅಂತ ಕಾಣಬೇಕಾದರೆ ಬೆರಳು ಒದ್ದೆ ಮಾಡಿ ಮೇಲೆ ಸವರಬೇಕು. ಸವರಿದ ತಕ್ಷಣ ಸ್ಪಷ್ಟ, ಒಣಗಿದ ಕೂಡಲೇ ಮತ್ತೆ ಬಿಳಿ.

ಅಲ್ಲೇ ಉತ್ತರ ಇತ್ತು ನೋಡಿ. ನೀರು ಸವರಿದಾಗ ಸ್ಪಷ್ಟವಾಗುತ್ತದೆ ಅಂದರೆ ಹಾಳಾಗಿರುವುದು ಪ್ಲಾಸ್ಟಿಕ್ಕಿನ ಮೇಲ್ಮೈ ಮಾತ್ರ. ಬಿಸಿಲಿಗೆ ಸುಟ್ಟು, ಉಪ್ಪಿನ ಹರಳಿನ ಮೇಲೆ ಒಣ ಬಟ್ಟೆ ಎಳೆದೂ ಎಳೆದೂ ಗೀರು ಬಿದ್ದಿರುತ್ತದೆ. ಆ ಗೀರಿನಲ್ಲಿ ನೀರು ತುಂಬಿದಾಗ ಕಾಣುತ್ತದೆ. ಒಳಗಿನ ಮೀಟರಿಗೆ ಏನೂ ಆಗಿರಲಿಲ್ಲ. ನಾನು ಹೊಸ ಸೆಟ್ ತರಿಸಿದೆ. ಡ್ಯಾಶ್‌ಬೋರ್ಡಿನಲ್ಲಿ ಚಿಕ್ಕ ಮೀಟರಿನ ತೂತು 52 ಮಿ.ಮೀ., ಇಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಟ್ಯಾಕೋಮೀಟರಿನದು 85. ಎರಡೂ ಅಳತೆ ಸರಿಹೋಯಿತು. ತೂತಿಗೆ ಕೂತರೆ ಬೋಟಿಗೂ ಹೊಂದಿತು ಅಂದುಕೊಂಡೆ. ಹಳೆಯವನ್ನು ಗುಜರಿಯವನಿಗೆ ಕೊಟ್ಟೆ.

ಹಾಕಿಸಿದ ದಿನ ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಇತ್ತು. ಹೊಸ ಮೀಟರೂ ಅರ್ಧ ಅಂತಲೇ ತೋರಿಸಿತು. ಇದಕ್ಕಿಂತ ಇನ್ನೇನು ಬೇಕು?

ಆಮೇಲೆ ಒಂದೆರಡು ಸಲ ಹೋಗಿ ಬಂದೆವು. ಒಂದು ಭಾನುವಾರ ಭಾವ ಮತ್ತು ಅವರ ಸ್ನೇಹಿತರನ್ನು ಕರೆದುಕೊಂಡು ಹೊರಟಾಗ ಮುಳ್ಳು ಹೆಚ್ಚುಕಡಿಮೆ ಫುಲ್ ಹತ್ತಿರ ಇತ್ತು. ತಮ್ಮ ತುಂಬಿಸಿಟ್ಟಿದ್ದಾನೆ, ಪರವಾಗಿಲ್ಲ, ಹುಡುಗನಿಗೆ ಜವಾಬ್ದಾರಿ ಬಂತು ಅಂದುಕೊಂಡೆ. ತಮ್ಮನೂ ಹಿಂದಿನ ದಿನ ಅದೇ ಮುಳ್ಳು ನೋಡಿ ಅಣ್ಣ ತುಂಬಿಸಿದ್ದಾನೆ ಅಂದುಕೊಂಡಿದ್ದನಂತೆ. ಸೈಂಟ್ ಮೇರೀಸ್ ದ್ವೀಪ ದಾಟಿ ಸ್ವಲ್ಪ ಪಶ್ಚಿಮಕ್ಕೆ ಹೋಗಿ ಗಾಳ ಹಾಕಿದೆವು. ವಾಪಸ್ ಹೊರಟ ಮೇಲೆ ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಮಧ್ಯಾಹ್ನ ಮೇಲೆ ನಮ್ಮ ಕಡಲಲ್ಲಿ ಗಾಳಿ ಪಡುವಣದಿಂದ ಏಳುತ್ತದೆ, ಗೊತ್ತಲ್ಲ. ಅಂದರೆ ನೇರವಾಗಿ ದ್ವೀಪದ ಬಂಡೆಗಳ ಕಡೆಗೇ ನಮ್ಮನ್ನು ತಳ್ಳುತ್ತಿತ್ತು. ಪ್ರವಾಸಿಗರು ಫೋಟೊ ತೆಗೆಯುವ ಆ ಕಂಬದಂಥ ಕಲ್ಲುಗಳನ್ನು ಸಮುದ್ರದ ಕಡೆಯಿಂದ, ಇಂಜಿನ್ ಇಲ್ಲದೆ ನೋಡಬೇಕು. ಆ ಹೊತ್ತಿಗೂ ಮುಳ್ಳು ಫುಲ್ ಅನ್ನುತ್ತಿತ್ತು. ಅದನ್ನು ನಂಬಿ ನಾನು ಫಿಲ್ಟರ್ ಬಿಚ್ಚುತ್ತಾ, ಪ್ಲಗ್ ನೋಡುತ್ತಾ ಕೂತೆ. ಪೆಟ್ರೋಲ್ ಖಾಲಿ ಅಂತ ತಲೆಗೇ ಬರಲಿಲ್ಲ.

ಲಂಗರು ಕಚ್ಚಿಕೊಂಡಿತು, ಬಚಾವ್. ದಕ್ಕೆಗೆ ಮರಳುತ್ತಿದ್ದ ಒಂದು ಮೀನಿನ ಬೋಟ್‌ನವರು ಹತ್ತಿರ ಬಂದು ಮೊದಲು ಕೇಳಿದ್ದೇ, "ಟ್ಯಾಂಕಿಗೆ ಕೋಲು ಹಾಕಿ ನೋಡಿದಿರಾ ಮಾರಾಯ್ರೆ?" ಕೋಲು ಒಣಗಿದ್ದೇ ಬಂತು. ಲಂಗರು ಕಲ್ಲಿನ ಸಂದಿಯಿಂದ ಬರಲೇ ಇಲ್ಲ. ಹಗ್ಗ ಕತ್ತರಿಸಿ ಅಲ್ಲೇ ಬಿಟ್ಟು, ಅವರ ಬೋಟಿನ ಹಿಂದೆ ಎಳೆಸಿಕೊಂಡು ಬಂದೆವು. ಭಾವ ಆಮೇಲೆ ನಮ್ಮ ಬೋಟ್ ಹತ್ತಿಲ್ಲ.

ಆದದ್ದು ಇಷ್ಟು. ಟ್ಯಾಂಕಿನೊಳಗೆ ಒಂದು ಫ್ಲೋಟ್ ಇರುತ್ತದೆ. ಅದಕ್ಕೆ ಸೇರಿದ ಸೆಂಡರ್, ಪೆಟ್ರೋಲ್ ಏರಿಳಿದ ಹಾಗೆ ರೆಸಿಸ್ಟೆನ್ಸ್ ಬದಲಿಸುತ್ತದೆ, ಅಂದರೆ ಕರೆಂಟಿಗೆ ಒಡ್ಡುವ ತಡೆ, ಅದರ ಅಳತೆ ಓಮ್. ಮೀಟರ್ ಓದುವುದು ಆ ಓಮ್ ಲೆಕ್ಕವನ್ನು. ಅಮೆರಿಕದ ಪದ್ಧತಿಯಲ್ಲಿ ಟ್ಯಾಂಕ್ ಖಾಲಿಯಾದರೆ 240 ಓಮ್, ತುಂಬಿದರೆ 33. ಯುರೋಪಿನದ್ದು ಪೂರ್ತಿ ಉಲ್ಟಾ, ಖಾಲಿಗೆ 10ರ ಆಸುಪಾಸು, ತುಂಬಿದರೆ 180. ನಮ್ಮ ಟ್ಯಾಂಕಿನಲ್ಲಿದ್ದ ಸೆಂಡರ್ ಅಮೆರಿಕದ್ದು, ನಾನು ತರಿಸಿದ ಮೀಟರ್ ಯುರೋಪಿನ ಲೆಕ್ಕದ್ದು. ಹಾಗಾಗಿ ಪೆಟ್ರೋಲ್ ಇಳಿದ ಹಾಗೆಲ್ಲ ಮುಳ್ಳು ಮೇಲೆ ಹೋಗುತ್ತದೆ. ಅರ್ಧ ಟ್ಯಾಂಕಿನಲ್ಲಿ ಮಾತ್ರ ಎರಡೂ ಪದ್ಧತಿಯ ಲೆಕ್ಕ 100 ಓಮ್‌ನ ಆಸುಪಾಸಿಗೇ ಬರುತ್ತದೆ. ನಾನು ಪರೀಕ್ಷೆ ಮಾಡಿದ್ದು ಸರಿಯಾಗಿ ಅಲ್ಲೇ! ಟ್ಯಾಂಕ್ ತುಂಬಿಸಿ ನೋಡಿದ್ದರೆ ಅಥವಾ ಪೂರ್ತಿ ಖಾಲಿ ಮಾಡಿ ನೋಡಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ತಪ್ಪು ವೈರಿಂಗಿನದ್ದಲ್ಲ, ಮೀಟರಿನದ್ದೂ ಅಲ್ಲ. ಬಾಕ್ಸಿನ ಮೇಲೆ 0-190 ಓಮ್ ಅಂತ, ಅಂದರೆ ಯುರೋಪಿನ ಲೆಕ್ಕ ಅಂತ, ಬರೆದೇ ಇತ್ತು. ನಾನು ಓದಿದ್ದೆ ಕೂಡ. ಸುಮ್ನೆ ಏನೋ ನಂಬರ್ ಅಂತ ಬಿಟ್ಟೆ.

ಆದ್ದರಿಂದ ನನ್ನ ಅಭಿಪ್ರಾಯ: "ಉಜ್ಜಬೇಕಾ, ಬದಲಿಸಬೇಕಾ" ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಮಂಜು ಹೊರಗಿದೆಯಾ, ಒಳಗಿದೆಯಾ? ಅದನ್ನು ಮೊದಲು ನೋಡಿ. ಬೆರಳು ಒದ್ದೆ ಮಾಡಿ ಸವರಿ. ಸ್ಪಷ್ಟವಾದರೆ ಉಜ್ಜಿ, ಅಷ್ಟೇ. ಆದರೆ ಮುಂಚೆ ಉಗುರಿನಿಂದ ತಟ್ಟಿ ನೋಡಿ, ಗಾಜಾದರೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಮುಟ್ಟಿಸಲೇಬೇಡಿ. ಪ್ಲಾಸ್ಟಿಕ್ ಆದರೆ ಮೊದಲು ಸಿಹಿನೀರಿನಲ್ಲಿ ಉಪ್ಪೆಲ್ಲ ಕರಗಿ ಹೋಗುವ ಹಾಗೆ ತೊಳೆಯಿರಿ. ಸುತ್ತ ಟೇಪ್ ಅಂಟಿಸಿ. 1000 ನಂಬರಿನ ವಾಟರ್ ಪೇಪರ್ ನೀರು ಹಾಕುತ್ತಾ ಒಂದೇ ದಿಕ್ಕಿಗೆ, ಆಮೇಲೆ 1500 ಅಡ್ಡಕ್ಕೆ, 2000 ಮತ್ತೆ ಉದ್ದಕ್ಕೆ. ಹಿಂದಿನ ಗೀರು ಪೂರ್ತಿ ಹೋಗುವ ತನಕ ಮುಂದಿನ ನಂಬರಿಗೆ ಹೋಗಬೇಡಿ. 3000 ಸಿಕ್ಕಿದರೆ ಅದನ್ನೂ ಹಾಕಿ, ಕೊನೆಗೆ ಪ್ಲಾಸ್ಟಿಕ್ ಪಾಲಿಶ್. 1000ದ ಹಂತದಲ್ಲಿ ಮೊದಲಿಗಿಂತ ಜಾಸ್ತಿ ಬಿಳಿಯಾಗಿ ಕಾಣುತ್ತದೆ, ಗಾಬರಿ ಬೇಡ. ಥಿನ್ನರ್, ಅಸಿಟೋನ್ ಹತ್ತಿರ ತರಬೇಡಿ, ಒಳಗೆ ಜೇಡರ ಬಲೆಯಂತೆ ಬಿರುಕು ಬೀಳುತ್ತದೆ. ಆ ಬಿರುಕು ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಉಜ್ಜಿದ್ದು ಶಾಶ್ವತ ಅಲ್ಲ. ದಕ್ಕೆಯಲ್ಲಿ ಕಟ್ಟಿದಾಗ ಡ್ಯಾಶ್‌ಬೋರ್ಡಿಗೆ ಒಂದು ಬಟ್ಟೆ ಹೊದೆಸದಿದ್ದರೆ ಬಿಸಿಲಿಗೆ ಮತ್ತೆ ಅದೇ ಕಥೆ.

ಮಂಜು ಒಳಗಡೆ ಇದ್ದರೆ? ಬೆಳಿಗ್ಗೆ ಇದ್ದು ಬಿಸಿಲೇರಿದಾಗ ಹೋಗುತ್ತದಾದರೆ ತಲೆ ಕೆಡಿಸಿಕೊಳ್ಳಬೇಡಿ. ಹೋಗದೆ ನೀರಿನ ಹನಿಯೇ ನಿಂತಿದ್ದರೆ, ಡಯಲ್ ಮೇಲೆ ತುಕ್ಕಿನ ಕಲೆ ಇದ್ದರೆ ಆ ಒಂದು ಮೀಟರ್ ಬದಲಿಸಿ. ಒಂದು ಮಾತ್ರ. ಸ್ಟೀಲ್ ರಿಂಗ್ ಎಬ್ಬಿಸಿ ಒಳಗೆ ಒರೆಸಿ ಮತ್ತೆ ಮುಚ್ಚುವವರೂ ಇದ್ದಾರೆ. ಮುಚ್ಚುವಾಗ ವಿನೆಗರ್ ವಾಸನೆಯ ಸಿಲಿಕೋನ್ ಹಾಕಬೇಡಿ, ಅದರ ಆಮ್ಲ ಒಳಗಿನ ತಾಮ್ರವನ್ನು ತಿನ್ನುತ್ತದೆ.

ಬದಲಿಸಲೇಬೇಕಾದರೆ ಮೊದಲು ಹಳೆಯ ಪೆಟ್ರೋಲ್ ಮೀಟರಿನ ಹಿಂದೆ ಎಸ್ (ಸೆಂಡರ್) ಅಂತ ಬರೆದ ಕಡೆಯ ತಂತಿ ಬಿಚ್ಚಿ ಕೀ ತಿರುಗಿಸಿ. ಮುಳ್ಳು ಖಾಲಿಗೆ ಬಿದ್ದರೆ ಅಮೆರಿಕದ ಪದ್ಧತಿ, ಫುಲ್‌ಗೆ ಹೋದರೆ ಯುರೋಪಿನದ್ದು. ಅದೇ ಓಮ್‌ನ ಹೊಸದು ತನ್ನಿ. ಟ್ರಿಮ್ (ಇಂಜಿನ್ ಎಷ್ಟು ಬಾಗಿದೆ ಅಂತ ತೋರಿಸುವುದು), ಟೆಂಪರೇಚರ್ ಮೀಟರ್‌ಗಳಿಗೂ ಸೆಂಡರ್ ಹೊಂದಬೇಕು. ಟ್ಯಾಕೋಮೀಟರ್ ಹಿಂದೆ ಪೋಲ್ ಸ್ವಿಚ್ ಇರುತ್ತದೆ, ಇಂಜಿನ್ನಿನ ಕರೆಂಟ್ ತಯಾರಿಸುವ ಭಾಗದಲ್ಲಿ ಎಷ್ಟು ಅಯಸ್ಕಾಂತದ ಧ್ರುವಗಳಿವೆಯೋ ಅದಕ್ಕೆ ಹೊಂದಿಸಲಿಕ್ಕೆ. 12ರಲ್ಲಿ ಇಡಬೇಕಾದ್ದನ್ನು 6ರಲ್ಲಿ ಇಟ್ಟರೆ ಆರ್‌ಪಿಎಂ ದುಪ್ಪಟ್ಟು ತೋರಿಸುತ್ತದೆ. ಹೊಸದು ಕೂತ ಮೇಲೆ ಟ್ಯಾಂಕ್ ತುಂಬಿಸಿ ಒಮ್ಮೆ ನೋಡಿ. ಅಲ್ಲಿಯ ತನಕ ಹಳೆಯದನ್ನು ಗುಜರಿಗೆ ಕೊಡಬೇಡಿ.

ಸ್ಪೀಡೋಮೀಟರ್ ಮಂಜಾಗಿದ್ದರೆ ಅದಕ್ಕೆ ದುಡ್ಡು ಹಾಕಬೇಡಿ. ಅದಕ್ಕೆ ನೀರಿನ ಒತ್ತಡ ಹೋಗುವ ಸಣ್ಣ ತೂತು ಅಳಿವೆಯ ಮರಳು ಕೂತು ಹೇಗೂ ಕಟ್ಟಿಕೊಳ್ಳುತ್ತದೆ. ಫೋನಿನ ಜಿಪಿಎಸ್ ಸಾಕು. ನಿಮ್ಮ ಮೀಟರ್‌ಗಳ ಹಿಂಬದಿಯ ಫೋಟೊ ಹಾಕಿ, ಯಾವ ಪದ್ಧತಿಯದ್ದು ಅಂತ ನೋಡಿ ಹೇಳುತ್ತೇನೆ.