ಕುಬರ್ನೆಟೀಸ್‌ಗೆ ಹೋದರೆ ಆ್ಯಪ್ ಬೀಳೋದು ನಿಲ್ಲುತ್ತದೆಯೇ?

ನೀವು ಕೇಳಿದ್ದು ಇಷ್ಟು: ನಿಮ್ಮ ವೆಬ್ ಆ್ಯಪ್ ಈಗ ಕ್ಲೌಡ್‌ನಲ್ಲಿ ಒಂದೇ ವರ್ಚುವಲ್ ಮೆಷಿನ್ ಮೇಲೆ ಡಾಕರ್‌ನಲ್ಲಿ (ಆ್ಯಪನ್ನು ಅದಕ್ಕೆ ಬೇಕಾದ್ದೆಲ್ಲದರ ಜೊತೆ ಕಂಟೇನರ್ ಅನ್ನೋ ಡಬ್ಬಿಯಲ್ಲಿಟ್ಟು ಓಡಿಸುವ ಸಾಧನ) ಓಡುತ್ತಿದೆ. ಜನ ಜಾಸ್ತಿ ಬಂದಾಗ ಬಿದ್ದುಹೋಗುತ್ತದೆ. ಕುಬರ್ನೆಟೀಸ್‌ಗೆ, ಅಂದರೆ ಹಲವು ಮೆಷಿನ್‌ಗಳ ಮೇಲೆ ಕಂಟೇನರ್‌ಗಳನ್ನು ಓಡಿಸಿ ನೋಡಿಕೊಳ್ಳುವ ತಂತ್ರಾಂಶಕ್ಕೆ, ಹೋದರೆ ಈ ತಲೆನೋವು ತಪ್ಪುತ್ತದೆಯೇ? ಪೋಸ್ಟ್‌ಗ್ರೆಸ್ ಡೇಟಾಬೇಸನ್ನೂ ಅದರೊಳಗೇ ಇಡಬಹುದೇ?

ಕುಬರ್ನೆಟೀಸ್ ನಡೆಸುವ ಮೆಷಿನ್‌ಗಳ ಗುಂಪುಗಳನ್ನು, ಅಂದರೆ ಕ್ಲಸ್ಟರ್‌ಗಳನ್ನು ನೋಡಿಕೊಳ್ಳೋದೇ ನನ್ನ ಕೆಲಸ. ಮೊದಲ ಪ್ರಶ್ನೆಗೆ ನನ್ನ ಉತ್ತರ: ಅರ್ಧ ತಪ್ಪುತ್ತದೆ. ಉಳಿದರ್ಧ ನೀವು ಅದಕ್ಕೆ ಏನು ಹೇಳಿಕೊಡುತ್ತೀರಿ ಅನ್ನೋದರ ಮೇಲಿದೆ.

ಕುಬರ್ನೆಟೀಸ್ ಮಾಡುವ ಮುಖ್ಯ ಕೆಲಸ ಒಂದೇ. ಈ ಆ್ಯಪ್‌ನ ನಾಲ್ಕು ಪಾಡ್ (ಕಂಟೇನರ್‌ನಲ್ಲಿ ಓಡುವ ಆ್ಯಪ್‌ನ ಒಂದೊಂದು ಪ್ರತಿ) ಯಾವಾಗಲೂ ಓಡುತ್ತಿರಬೇಕು ಅಂತ ನೀವು ಬರೆದುಕೊಡುತ್ತೀರಿ. ಅದು ಎಣಿಸುತ್ತಲೇ ಇರುತ್ತದೆ. ಮೂರಾದರೆ ಒಂದನ್ನು ಹುಟ್ಟಿಸುತ್ತದೆ, ಐದಾದರೆ ಒಂದನ್ನು ತೆಗೆಯುತ್ತದೆ. ಗೂಗಲ್ ತನ್ನ ಬೋರ್ಗ್ ವ್ಯವಸ್ಥೆಯಲ್ಲಿ ವರ್ಷಗಟ್ಟಲೆ ಇದನ್ನೇ ಮಾಡಿ, ಆ ಅನುಭವದಿಂದ 2014ರಲ್ಲಿ ಕುಬರ್ನೆಟೀಸನ್ನು ಎಲ್ಲರಿಗೂ ತೆರೆದಿಟ್ಟಿತು. ಎಣಿಕೆಯ ಕೆಲಸದಲ್ಲಿ ಅದು ನಿಜಕ್ಕೂ ಗಟ್ಟಿ.

ಆದರೆ ಎಲ್ಲವೂ ತಕ್ಷಣ ಆಗುತ್ತದೆ ಅಂದುಕೊಳ್ಳಬೇಡಿ. ಒಂದು ನೋಡ್ (ಪಾಡ್‌ಗಳು ಓಡುವ ಮೆಷಿನ್) ಸತ್ತುಹೋಯಿತು ಅಂತಿಟ್ಟುಕೊಳ್ಳಿ. ಅದು ಗೊತ್ತಾಗುವುದಕ್ಕೇ ಮುಕ್ಕಾಲು ನಿಮಿಷದಷ್ಟು ಬೇಕು. ಆಮೇಲೂ ಸುಮ್ನೆ ನೆಟ್‌ವರ್ಕ್ ತೊಂದರೆ ಇರಬಹುದು ಅಂತ 300 ಸೆಕೆಂಡ್ ಕಾಯುತ್ತದೆ. ಅದಾದ ಮೇಲೆಯೇ ಅಲ್ಲಿದ್ದ ಪಾಡ್‌ಗಳ ಬದಲಿಗೆ ಬೇರೆ ಕಡೆ ಹೊಸವು ಹುಟ್ಟುವುದು. ಏನೂ ಬದಲಿಸದಿದ್ದರೆ ಇದೇ ಲೆಕ್ಕ. ಅಂದರೆ ಒಂದೇ ಪಾಡ್ ಇಟ್ಟುಕೊಂಡರೆ ಐದು ನಿಮಿಷಕ್ಕೂ ಹೆಚ್ಚು ಹೊತ್ತು ಆ್ಯಪ್ ಇರುವುದಿಲ್ಲ. ಶೇ. 99.99 ಹೊತ್ತು ಆ್ಯಪ್ ಸಿಗುತ್ತದೆ ಅಂತ ಮಾತು ಕೊಟ್ಟವರಿಗೆ ತಿಂಗಳಿಡೀ ಅದು ಬಿದ್ದಿರಲು ಸಿಗುವುದೇ ಸುಮಾರು 4.3 ನಿಮಿಷ! ಹಾಗಾಗಿ ಕನಿಷ್ಠ ಎರಡು ಪಾಡ್ ಇರಲಿ, ಅವು ಬೇರೆ ಬೇರೆ ನೋಡ್ ಮೇಲೆ ಕೂರಬೇಕು ಅಂತಲೂ ಬರೆದಿಡಿ.

ಈಗ ಜನ ಜಾಸ್ತಿ ಬರುವ ವಿಷಯ. ಬಳಕೆ ನೋಡಿ ಪಾಡ್‌ಗಳ ಸಂಖ್ಯೆಯನ್ನು ಏರಿಸಿ ಇಳಿಸುವ ಆಟೋಸ್ಕೇಲರ್‌ನ ಲೆಕ್ಕ ಸರಳ. ನಾಲ್ಕು ಪಾಡ್ ಇವೆ, ಸಿಪಿಯು ಬಳಕೆ ಶೇ. 60 ಇರಲಿ ಅಂತ ಹೇಳಿದ್ದೀರಿ, ಈಗ ಅದು 90 ಆಗಿದೆ. 4ನ್ನು 90ರಿಂದ ಗುಣಿಸಿ 60ರಿಂದ ಭಾಗಿಸಿದರೆ 6. ಅಷ್ಟಕ್ಕೆ ಏರಿಸುತ್ತದೆ. ಸಾಮಾನ್ಯವಾಗಿ 15 ಸೆಕೆಂಡಿಗೊಮ್ಮೆ ಈ ಲೆಕ್ಕ ನಡೆಯುತ್ತದೆ. ಈ ಶೇಕಡಾವಾರು ನೀವು ಪಾಡ್‌ಗೆ ಬರೆದ ಸಿಪಿಯು ರಿಕ್ವೆಸ್ಟ್‌ನ (ಅದಕ್ಕೆ ಇಷ್ಟು ಸಿಪಿಯು ಬೇಕು ಅಂತ ಕೇಳಿದ್ದು) ಮೇಲೆ ಹಾಕಿದ್ದು. ರಿಕ್ವೆಸ್ಟ್ ಬರೆಯದೇ ಬಿಟ್ಟರೆ ಈ ಲೆಕ್ಕವೇ ನಡೆಯುವುದಿಲ್ಲ. ಇದನ್ನು ಮರೆತ ತಂಡಗಳನ್ನು ಬೇಕಾದಷ್ಟು ನೋಡಿದ್ದೇನೆ.

ನನ್ನ ಪ್ರಕಾರ ನಿಜವಾದ ಅಪಾಯ ಇದರ ಮುಂದಿನ ಹೆಜ್ಜೆಯಲ್ಲಿದೆ. ಪ್ರತಿ ಪಾಡ್ ಡೇಟಾಬೇಸ್‌ಗೆ 20 ಕನೆಕ್ಷನ್ ತೆರೆದಿಡುತ್ತದೆ ಅನ್ನೋಣ. ನಾಲ್ಕಕ್ಕೆ 80. ಆರಕ್ಕೆ 120. ಪೋಸ್ಟ್‌ಗ್ರೆಸ್‌ನಲ್ಲಿ ಏನೂ ಬದಲಿಸದಿದ್ದರೆ ಮಿತಿ 100. ಜನ ಬಂದರು ಅಂತ ಪಾಡ್ ಏರಿಸಿದಿರಿ, ಏರಿಸಿದ್ದಕ್ಕೇ ಡೇಟಾಬೇಸ್ ಬಾಗಿಲು ಹಾಕಿತು.

ಇದು ಇಲ್ಲಿಗೇ ನಿಂತರೆ ಕೆಲವರಿಗೆ ಎರರ್ ಕಾಣಿಸಿ ಮುಗಿಯುತ್ತಿತ್ತು. ಬಹಳ ಕಡೆ ನಿಲ್ಲುವುದಿಲ್ಲ, ಯಾಕೆಂದರೆ ಲೈವ್‌ನೆಸ್ ಪ್ರೋಬ್ (ಕಂಟೇನರ್ ಬದುಕಿದೆಯೇ ಅಂತ ಆಗಾಗ ನೋಡುವ ಪರೀಕ್ಷೆ) ಬರೆದವರು ಅದರಲ್ಲಿ ಡೇಟಾಬೇಸನ್ನೂ ಕೇಳಿ ನೋಡುವಂತೆ ಮಾಡಿರುತ್ತಾರೆ. ಆ ಪ್ರೋಬ್ ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಕೇಳುತ್ತದೆ. ಒಂದು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಸೋಲು. ಸತತ ಮೂರು ಸೋಲಾದರೆ ಕಂಟೇನರ್ ಅನ್ನು ಕೊಂದು ಮತ್ತೆ ಶುರು ಮಾಡುತ್ತದೆ. ಅಂದರೆ ಡೇಟಾಬೇಸ್ ಅರ್ಧ ನಿಮಿಷ ಏದುಸಿರು ಬಿಟ್ಟರೆ ಸಾಕು, ಚೆನ್ನಾಗಿದ್ದ ಪಾಡ್‌ಗಳೆಲ್ಲ ಹೆಚ್ಚೂಕಡಿಮೆ ಒಟ್ಟಿಗೇ ಸಾಯುತ್ತವೆ. ಮತ್ತೆ ಎದ್ದವು ಖಾಲಿ ಕ್ಯಾಶ್ (ಮತ್ತೆ ಮತ್ತೆ ಬೇಕಾಗುವ ಡೇಟಾವನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವ ಜಾಗ) ಹಿಡಿದುಕೊಂಡು ಅದೇ ಡೇಟಾಬೇಸ್ ಮೇಲೆ ಮುಗಿಬೀಳುತ್ತವೆ. ಹೀಗೆ ಬಿದ್ದೂ ಎದ್ದೂ ಮಾಡುತ್ತಿದ್ದರೆ ಕುಬರ್ನೆಟೀಸ್ 10, 20, 40 ಸೆಕೆಂಡ್ ಅಂತ ಕಾಯಿಸುತ್ತಾ ಐದು ನಿಮಿಷದವರೆಗೂ ಹೋಗುತ್ತದೆ. ಡೇಟಾಬೇಸ್ ಸುಧಾರಿಸಿಕೊಂಡರೂ ನಿಮ್ಮ ಆ್ಯಪ್ ಇನ್ನೂ ಸರದಿ ಕಾಯುತ್ತಾ ಕೂತಿರುತ್ತದೆ. ಇಲ್ಲಿ ಕುಬರ್ನೆಟೀಸ್ ಕೆಟ್ಟಿಲ್ಲ ಅಲ್ವಾ? ನೀವು ಹೇಳಿದ್ದನ್ನು ನಂಬಿತು, ಅಷ್ಟೇ.

ಹಾಗಾಗಿ ಲೈವ್‌ನೆಸ್‌ಗೆ ಒಂದೇ ಪ್ರಶ್ನೆ ಸಾಕು: ಈ ಪ್ರಕ್ರಿಯೆ ಸಿಕ್ಕಿಹಾಕಿಕೊಂಡಿದೆಯೇ, ಕೊಂದು ಎಬ್ಬಿಸಿದರೆ ಸರಿಹೋಗುತ್ತದೆಯೇ? ಈಗ ಕೆಲಸ ಕಳಿಸಬಹುದೇ ಅನ್ನೋದು ರೆಡಿನೆಸ್ ಪ್ರೋಬ್‌ನ ಪ್ರಶ್ನೆ. ಅದು ಸೋತರೆ ಯಾರೂ ಸಾಯುವುದಿಲ್ಲ, ಆ ಪಾಡ್‌ಗೆ ಟ್ರಾಫಿಕ್ ಹೋಗುವುದು ಮಾತ್ರ ನಿಲ್ಲುತ್ತದೆ. ಆದರೂ ಎಲ್ಲರೂ ಹಂಚಿಕೊಳ್ಳುವ ಡೇಟಾಬೇಸನ್ನು ಅಲ್ಲಿಗೂ ಸೇರಿಸುವ ಮುಂಚೆ ಯೋಚಿಸಿ. ಎಲ್ಲ ಪಾಡ್‌ಗಳೂ ಒಟ್ಟಿಗೆ ರೆಡಿ ಇಲ್ಲ ಅಂದರೆ, ಡೇಟಾಬೇಸ್ ಬೇಡದ ಪುಟಗಳೂ ಸಿಗದೇ ಹೋಗುತ್ತವೆ.

ಇನ್ನೆರಡು ಚಿಕ್ಕ ವಿಷಯ. ಕಂಟೇನರ್ 137 ಅಂತ ಎಕ್ಸಿಟ್ ಕೋಡ್ (ಯಾಕೆ ನಿಂತಿತು ಅಂತ ತಿಳಿಸುವ ಸಂಖ್ಯೆ) ಕೊಟ್ಟು ಸತ್ತರೆ ಮೊದಲು ಮೆಮೊರಿ ಮಿತಿ ನೋಡಿ. ಸಿಪಿಯು ಮಿತಿ ದಾಟಿದರೆ ನಿಧಾನ ಆಗುತ್ತದೆ, ಮೆಮೊರಿ ಮಿತಿ ದಾಟಿದರೆ ಪ್ರಾಣವೇ ಹೋಗುತ್ತದೆ. ಹೊಸ ಆವೃತ್ತಿ ಹಾಕುವಾಗ ಹಳೆಯ ಪಾಡ್‌ಗೆ ಸಿಗ್‌ಟರ್ಮ್ (ಕೆಲಸ ನಿಲ್ಲಿಸು ಅನ್ನುವ ಸೂಚನೆ) ಬರುತ್ತದೆ, ಸಾಮಾನ್ಯವಾಗಿ 30 ಸೆಕೆಂಡಿನ ಗಡುವು. ಅಷ್ಟರಲ್ಲಿ ಕೈಯಲ್ಲಿರುವ ಕೆಲಸ ಮುಗಿಸಿ ಹೊರಡುವಂತೆ ಕೋಡ್ ಬರೆದಿರಬೇಕು.

ನಿಮ್ಮ ಸ್ಥಿತಿಯಲ್ಲಿ ನಾನಿದ್ದರೆ ಮೊದಲು ಎರಡು ಮೆಷಿನ್, ಮುಂದೆ ಬಂದ ಟ್ರಾಫಿಕ್ ಅನ್ನು ಎರಡಕ್ಕೂ ಹಂಚುವ ಒಂದು ಲೋಡ್ ಬ್ಯಾಲೆನ್ಸರ್ ಹಾಕಿ ನೋಡುತ್ತಿದ್ದೆ. ಒಂದೇ ಆ್ಯಪ್‌ಗೆ ಅದು ಎಷ್ಟೋ ಸಲ ಸಾಕಾಗುತ್ತದೆ. ಸರ್ವಿಸ್‌ಗಳು ಹೆಚ್ಚಾಗಿ, ದಿನಾ ಡಿಪ್ಲಾಯ್ ಮಾಡುವ (ಹೊಸ ಆವೃತ್ತಿ ಹಾಕುವ) ಹಂತ ಬಂದಾಗ ಕುಬರ್ನೆಟೀಸ್‌ಗೆ ಹೋಗಿ. ಆಗಲೂ ಕ್ಲಸ್ಟರ್‌ನ ಮಿದುಳಾದ ಕಂಟ್ರೋಲ್ ಪ್ಲೇನ್ ಅನ್ನು ಕ್ಲೌಡ್ ಕಂಪನಿಯೇ ನೋಡಿಕೊಳ್ಳುವಂಥದ್ದನ್ನು ಆರಿಸಿ. ಕುಬರ್ನೆಟೀಸ್‌ನ ಒಂದು ಆವೃತ್ತಿಗೆ ಮೂಲ ತಂಡದ ಬೆಂಬಲ ಸುಮಾರು 14 ತಿಂಗಳಷ್ಟೇ. ಅಪ್‌ಗ್ರೇಡ್ ಅನ್ನೋದು ಮುಗಿಯದ ಕೆಲಸ.

ಡೇಟಾಬೇಸ್ ಒಳಗಿಡಬಹುದೇ ಅಂದರೆ, ಇಡಬಹುದು. ಪ್ರತಿ ಪಾಡ್‌ಗೂ ಅದರದೇ ಹೆಸರು, ಡಿಸ್ಕ್ ಉಳಿಸಿಕೊಡುವ ಸ್ಟೇಟ್‌ಫುಲ್‌ಸೆಟ್ ಇರುವುದೇ ಅಂಥದ್ದಕ್ಕೆ. ಆದರೆ ಬ್ಯಾಕಪ್, ರೆಪ್ಲಿಕಾ (ಡೇಟಾಬೇಸ್‌ನ ಇನ್ನೊಂದು ಪ್ರತಿ), ಫೇಲ್‌ಓವರ್ (ಮೂಲ ಬಿದ್ದರೆ ಆ ಪ್ರತಿಗೆ ಬದಲಾಗೋದು) ಎಲ್ಲ ನಿಮ್ಮ ತಲೆಗೇ ಬರುತ್ತದೆ. ಚಿಕ್ಕ ತಂಡವಾದರೆ ಹೊರಗೇ, ಕ್ಲೌಡ್ ಕಂಪನಿಯೇ ನೋಡಿಕೊಳ್ಳುವ ಮ್ಯಾನೇಜ್ಡ್ ಸೇವೆಯಲ್ಲಿ ಇಡಿ. ಹಾಗೆ ಇಟ್ಟರೂ ಕನೆಕ್ಷನ್ ಲೆಕ್ಕ ಮಾತ್ರ ನೀವೇ ಹಾಕಬೇಕು: ಆಟೋಸ್ಕೇಲರ್‌ಗೆ ಕೊಟ್ಟ ಗರಿಷ್ಠ ಪಾಡ್ ಸಂಖ್ಯೆಯನ್ನು ಒಂದು ಪಾಡ್‌ನ ಕನೆಕ್ಷನ್‌ಗಳಿಂದ ಗುಣಿಸಿ. ಡಿಪ್ಲಾಯ್ ಹೊತ್ತಿನಲ್ಲಿ ಹಳೆಯವೂ ಹೊಸವೂ ಒಟ್ಟಿಗಿರುತ್ತವೆ, ಅದನ್ನೂ ಸೇರಿಸಿ. ಮೊತ್ತ ಮಿತಿ ದಾಟಿದರೆ ನಡುವೆ ಪಿಜಿಬೌನ್ಸರ್‌ನಂಥ ಪೂಲರ್ (ಕೆಲವೇ ಕನೆಕ್ಷನ್‌ಗಳನ್ನು ಎಲ್ಲರಿಗೂ ಹಂಚುವ ತಂತ್ರಾಂಶ) ಇಡಿ, ಇಲ್ಲವೇ ಗರಿಷ್ಠ ಸಂಖ್ಯೆಯನ್ನು ಇಳಿಸಿ.