ಇಂಗ್ಲೆಂಡಿನ ಬ್ರಿಸ್ಟಲ್ ಕ್ಯಾಥೆಡ್ರಲ್ (ಬಿಷಪ್ಪರ ಮುಖ್ಯ ಚರ್ಚು) 12ನೇ ಶತಮಾನದ್ದು ಅಂತಾರೆ. ಮತ್ತೆ ಅದರ ಅರ್ಧ ಭಾಗ ವಿಕ್ಟೋರಿಯನ್ ಕಾಲದ್ದು, ಅಂದರೆ 19ನೇ ಶತಮಾನದ್ದು, ಹೇಗೆ?

ಎರಡೂ ನಿಜ. 1140ರಲ್ಲಿ ಇಲ್ಲಿ ಒಂದು ಮಠ ಶುರುವಾಯಿತು. ಮುಂದೆ ಜನ ಕೂರುವ ಪಶ್ಚಿಮದ ಭಾಗವನ್ನು, ಅಂದರೆ ನೇವ್ ಅನ್ನು, ಹೊಸದಾಗಿ ಕಟ್ಟುತ್ತಿದ್ದರು. ಕೆಲಸ ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ದೊರೆ ಎಂಟನೇ ಹೆನ್ರಿ 1539ರಲ್ಲಿ ಮಠವನ್ನೇ ಮುಚ್ಚಿಸಿದ. 1542ರಲ್ಲಿ ಅದು ಕ್ಯಾಥೆಡ್ರಲ್ ಆಯಿತು, ಆದರೆ ನೇವ್ ಮಾತ್ರ ಇಲ್ಲ. ಆ ಜಾಗದಲ್ಲಿ ಮನೆಗಳೂ ಎದ್ದವು!

1868ರಲ್ಲಿ ಜಾರ್ಜ್ ಎಡ್ಮಂಡ್ ಸ್ಟ್ರೀಟ್ ಎಂಬ ವಾಸ್ತುಶಿಲ್ಪಿ ನೇವ್ ಕಟ್ಟುವ ಕೆಲಸ ಹಿಡಿದರು. ಪೂರ್ವದ ಹಳೆಯ ಭಾಗದಲ್ಲಿ ನಡುವಿನ ಅಂಕಣ, ಪಕ್ಕದ ಅಂಕಣಗಳು ಎಲ್ಲ ಒಂದೇ ಎತ್ತರ. ಇಂಗ್ಲೆಂಡಿನಲ್ಲಿ ಇದು ಅಪರೂಪ. ಸ್ಟ್ರೀಟ್ ಅದೇ ಲೆಕ್ಕಾಚಾರ ಇಟ್ಟುಕೊಂಡು, ಚಾವಣಿಯ ಕಮಾನುಗಳಲ್ಲಿ ಸ್ವಲ್ಪ ಬದಲಾವಣೆ ಮಾಡಿದರು. ಸುಮ್ನೆ ನಕಲು ಹೊಡೆಯಲಿಲ್ಲ ಅನ್ನೋದೇ ನನಗೆ ಜಾಸ್ತಿ ಇಷ್ಟ.

ಗಲಾಟೆಯೂ ಆಯಿತು. ಉತ್ತರದ ಬಾಗಿಲ ಮಂಟಪಕ್ಕೆ ಗ್ರೆಗರಿ, ಆಂಬ್ರೋಸ್, ಜೆರೋಮ್, ಅಗಸ್ಟೀನ್ ಸಂತರ ಮೂರ್ತಿ ಕೂರಿಸಿದ್ದರು. ಇದು ಕ್ಯಾಥೊಲಿಕ್ ವಾಸನೆ ಅಂತ ಪ್ರಾಟೆಸ್ಟಂಟರು ಸಿಡಿದೆದ್ದರು. 1876ರಲ್ಲಿ ಡೀನ್, ಅಂದರೆ ಕ್ಯಾಥೆಡ್ರಲ್ಲಿನ ಮುಖ್ಯ ಪಾದ್ರಿ, ಅವನ್ನು ತೆಗೆಸಿಯೇಬಿಟ್ಟರು. ಕೊನೆಗೆ ಆ ನಾಲ್ವರು ಸೇರಿದ್ದು ಯಾರ್ಕ್‌ಷೈರಿನ ಈಸ್ಟ್ ಹೆಸ್ಲರ್ಟನ್ ಹಳ್ಳಿಯ ಚರ್ಚಿಗೆ. ಅದನ್ನು ಕಟ್ಟಿದವರೂ ಸ್ಟ್ರೀಟೇ!

ನೇವ್ 1877ರಲ್ಲಿ ಬಳಕೆಗೆ ಬಂತು. ಸ್ಟ್ರೀಟ್ 1881ರಲ್ಲಿ ತೀರಿಕೊಂಡರು. ಪಶ್ಚಿಮದ ಜೋಡಿ ಗೋಪುರಗಳನ್ನು 1888ರಲ್ಲಿ ಮುಗಿಸಿದ್ದು ಇನ್ನೊಬ್ಬ ವಾಸ್ತುಶಿಲ್ಪಿ ಜೆ. ಎಲ್. ಪಿಯರ್ಸನ್.